ಮೂರನೇ ಸಲ ಕ್ಯಾಪ್ ಹಾಕೋಕೆ ಮುಂಚೆ ವಸಡು, ಮೂಳೆ ಕುಯ್ಯಬೇಕಂತೆ. ಮಾಡಿಸಿದವರು ಯಾರಾದ್ರೂ ಇದ್ದೀರಾ?

ಹೆತ್ತೂರು ಹೊಳೆ

ಎಲ್ಲರಿಗೂ ನಮಸ್ಕಾರ. ಎಡಗಡೆ ಕೆಳದವಡೆಯ ಹಲ್ಲಿಗೆ ಆರು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಹೋದ ವರ್ಷ ಕಡಲೆ ಮಿಠಾಯಿ ಕಡಿದಾಗ ಕ್ಯಾಪ್ ಕಿತ್ತು ಬಂತು. ಅದನ್ನೇ ಮತ್ತೆ ಅಂಟಿಸಿ ಕೊಟ್ರು. ಈಗ ಹದಿನೈದು ದಿನದ ಹಿಂದೆ ಬರೀ ಅಕ್ಕಿ ರೊಟ್ಟಿ ತಿನ್ನುವಾಗ ಮತ್ತೆ ಕೈಗೆ ಬಂತು. ಅಂಗೈ ಮೇಲಿಟ್ಟು ನೋಡಿದ್ರೆ ಕ್ಯಾಪಿನ ಒಳಗೆ ಸಿಮೆಂಟ್ ಜೊತೆ ಎಳ್ಳಿನಷ್ಟು ಹಲ್ಲಿನ ಚೂರೂ ಅಂಟಿಕೊಂಡಿದೆ. ಬಾಯಲ್ಲಿ ಉಳಿದಿರೋದು ಗದ್ದೆ ಕೂಳೆ ಥರ, ಒಂದು ಕಡೆ ವಸಡಿನ ಮಟ್ಟಕ್ಕೇ ಇದೆ.

ಸಕಲೇಶಪುರದಲ್ಲಿ ನಾವು ತೋರಿಸೋ ಡಾಕ್ಟ್ರು ಎಕ್ಸ್‌ರೇ ತೆಗೆದು "ಬೇರು ಗಟ್ಟಿಯಾಗಿದೆ, ಆದರೆ ಕ್ಯಾಪಿಗೆ ಹಿಡಿತ ಇಲ್ಲ. ಕ್ರೌನ್ ಲೆಂಥನಿಂಗ್ ಮಾಡಿಸಬೇಕು" ಅಂದ್ರು. ವಸಡು ಬಿಡಿಸಿ, ಸುತ್ತ ಸ್ವಲ್ಪ ಮೂಳೆ ಕೊರೆದು, ಹಲ್ಲು ಹೊರಗೆ ಕಾಣೋ ಹಾಗೆ ಮಾಡ್ತಾರಂತೆ. ಅದಕ್ಕೆ ಹಾಸನದಲ್ಲಿ ವಸಡಿನ ಸ್ಪೆಷಲಿಸ್ಟ್ ಹತ್ರ ಕಳಿಸ್ತೀನಿ ಅಂದಿದ್ದಾರೆ.

ಮೂಳೆ ಅಂದ ತಕ್ಷಣ ನಂಗೆ ಕೈಕಾಲು ತಣ್ಣಗಾಯ್ತು. ಅತ್ತೆ "ಕಿತ್ತು ಬಿಸಾಕು, ಒಂದು ಹಲ್ಲಿಗೆ ಇಷ್ಟೊಂದಾ" ಅಂತಾರೆ. ನೋವು ಎಷ್ಟು? ಎಷ್ಟು ದಿನ ಊಟ ಕಷ್ಟ? ಗೌರಿ ಹಬ್ಬಕ್ಕೆ ತವರಿಗೆ ಹೋಗೋದಿದೆ, ಹಬ್ಬಕ್ಕೆ ಮುಂಚೆ ಮಾಡಿಸಲಾ, ಆಮೇಲಾ? ಮಾಡಿಸಿದವರು ದಯವಿಟ್ಟು ಇದ್ದದ್ದು ಇದ್ದಹಾಗೆ ಹೇಳಿ.

ಬೇಲೂರಮ್ಮ

ಹಬ್ಬ ಆದ್ಮೇಲೆ ಮಾಡ್ಸಿ ಕಣ್ರೀ. ಚಕ್ಕುಲಿ, ಕಜ್ಜಾಯದ ಮುಂದೆ ಕೂತು ಗಂಜಿ ಕುಡಿಯೋದು ಯಾರಿಗೆ ಬೇಕು.

ಅರಸೀಕೆರೆ ತೆಂಗು

ನಾನು ಮಾಡಿಸಿದ್ದೀನಮ್ಮ, ಎರಡು ವರ್ಷ ಆಯ್ತು. ಬಲಗಡೆ ಕೆಳಗಿನ ಹಲ್ಲು. ಹೆದರಿಕೆಯಷ್ಟು ನೋವಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.

ಇಂಜೆಕ್ಷನ್ ಚುಚ್ಚುವಾಗ ಒಂದು ಚುರುಕ್. ಹತ್ತು ನಿಮಿಷಕ್ಕೆ ಅರ್ಧ ತುಟಿ, ಅರ್ಧ ನಾಲಿಗೆ ಯಾರದ್ದೋ ಅನ್ನೋ ಹಾಗಾಯ್ತು. ಮುಖದ ಮೇಲೆ ಬಾಯಿಯಷ್ಟು ತೂತಿರೋ ಹಸಿರು ಬಟ್ಟೆ ಹೊದಿಸಿದ್ರು. ಆಮೇಲೆ ನಂಗೆ ಗೊತ್ತಾಗಿದ್ದೆಲ್ಲ ಸದ್ದು ಮತ್ತು ಅದುರೋದು ಮಾತ್ರ. ಮೂಳೆ ಕೊರೆಯುವಾಗ ಮೇಲಿಂದ ನೀರು ಬಿಡ್ತಾನೇ ಇರ್ತಾರೆ, ಪಕ್ಕದಲ್ಲಿ ನಿಂತ ಹುಡುಗಿ ಪೈಪಲ್ಲಿ ಎಳೀತಾನೇ ಇರ್ತಾಳೆ. ದವಡೆ ಒಳಗೇ ಗಿರಣಿ ಓಡಿದ ಹಾಗೆ. ಆ ಸದ್ದು ತಲೆಬುರುಡೆಗೆ ಕೇಳುತ್ತೆ, ಅದೊಂದು ಕೆಟ್ಟದ್ದು. ನೋವು ಸೊನ್ನೆ. ಮುಕ್ಕಾಲು ಗಂಟೆಗೆ ಹೊಲಿಗೆ ಹಾಕಿ ಎಬ್ಬಿಸಿದ್ರು.

ನೋವು ಶುರುವಾಗಿದ್ದು ಜೋಮು ಬಿಟ್ಟ ಮೇಲೆ. ಅವರು ಹೇಳಿದ ಹಾಗೆ ಜೋಮು ಇಳಿಯೋಕೆ ಮುಂಚೆನೇ ಮಾತ್ರೆ ನುಂಗಿದ್ದೆ, ಅದರಿಂದ ಬಚಾವ್. ಎರಡು ರಾತ್ರಿ ಕಚ್ಚೋ ಅಂಥ ನೋವು, ಮೂರನೇ ದಿನ ಕೆನ್ನೆ ಊದಿ ಸ್ವಲ್ಪ ನೀಲಿಯಾಯ್ತು, ಐದನೇ ದಿನಕ್ಕೆ ತೋಟಕ್ಕೆ ಹೋದೆ.

ಮೂಡಿಗೆರೆ ಮಳೆ

ಅಕ್ಕ, ನಿಮ್ಮ ಅತ್ತೆ ಹೇಳೋದ್ರಲ್ಲಿ ತಪ್ಪೇನಿದೆ? ಎರಡು ಸಲ ಬಿದ್ದ ಕ್ಯಾಪ್ ಮೂರನೇ ಸಲ ನಿಲ್ಲುತ್ತೆ ಅಂತ ಏನು ಗ್ಯಾರಂಟಿ? ರೂಟ್ ಕೆನಾಲ್‌ಗೆ ದುಡ್ಡು, ಕ್ಯಾಪಿಗೆ ದುಡ್ಡು, ಈಗ ವಸಡು ಕುಯ್ಯೋಕೆ ದುಡ್ಡು, ಮತ್ತೆ ಹೊಸ ಕ್ಯಾಪಿಗೆ ದುಡ್ಡು. ಕಿತ್ತು ಇಂಪ್ಲಾಂಟ್ (ಸ್ಕ್ರೂ ಮೇಲೆ ಕೂರಿಸೋ ಕೃತಕ ಹಲ್ಲು) ಹಾಕಿಸಿದ್ರೆ ಒಂದೇ ಸಲಕ್ಕೆ ಮುಗೀತು. ನಮ್ಮ ಭಾವ ಮಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದ್ರು, ಜೋಳದ ತೆನೆ ಕಡೀತಾರೆ.

ವಸಡು ವೈದ್ಯೆ

ನಾನು ಹಾಸನದಲ್ಲಿ ಪೆರಿಯೊಡಾಂಟಿಸ್ಟ್, ಅಂದ್ರೆ ವಸಡಿನ ಡಾಕ್ಟರ್. ಇಲ್ಲಿ ಯಾರ ಹಲ್ಲನ್ನೂ ನೋಡದೆ ಮಾಡಿಸಿ ಅಂತಲೋ ಬೇಡ ಅಂತಲೋ ಹೇಳಲ್ಲ. ಆದರೆ ಯಾಕೆ ಮಾಡ್ತೀವಿ ಅನ್ನೋದನ್ನ ಹೇಳಬಹುದು. ನನ್ನ ಹತ್ರ ಬರೋ ಹತ್ತರಲ್ಲಿ ಎಂಟು ಜನಕ್ಕೆ ಅದನ್ನ ಯಾರೂ ಬಿಡಿಸಿ ಹೇಳಿರಲ್ಲ. ಹೆದರಿಕೆ ಹುಟ್ಟೋದೇ ಅಲ್ಲಿ.

ಹಳೇ ಕಾಲದ ಒನಕೆ ನೋಡಿದ್ದೀರಲ್ಲ? ತುದಿಗೆ ಕಬ್ಬಿಣದ ಅಣಸು ಹಾಕಿರ್ತಾರೆ. ಅಣಸು ಮರವನ್ನ ಸುತ್ತ ಅಪ್ಪಿ ಹಿಡಿದಿರೋದ್ರಿಂದ ಎಷ್ಟು ಕುಟ್ಟಿದ್ರೂ ಮರ ಸೀಳಲ್ಲ. ಕ್ಯಾಪ್ ಕೂಡ ಹಾಗೇನೇ. ಅದರ ಅಂಚು ಗಟ್ಟಿ ಹಲ್ಲನ್ನ ಸುತ್ತಲೂ ಒಂದೂವರೆಯಿಂದ 2 ಮಿ.ಮೀ. ಎತ್ತರಕ್ಕಾದ್ರೂ ಹಿಡಿದಿರಬೇಕು. ಒಳಗೆ ತುಂಬಿಸಿದ ಸಿಮೆಂಟನ್ನ ಹಿಡಿದ್ರೆ ಲೆಕ್ಕಕ್ಕಿಲ್ಲ, ನಿಜವಾದ ಹಲ್ಲನ್ನೇ ಹಿಡೀಬೇಕು. ನಿಮ್ಮ ಹಲ್ಲು ಒಂದು ಕಡೆ ವಸಡಿನ ಮಟ್ಟಕ್ಕಿದೆ ಅಂದ್ರಲ್ಲ, ಅಲ್ಲಿ ಅಣಸಿಗೆ ಮರವೇ ಇಲ್ಲ. ಎಷ್ಟು ಒಳ್ಳೇ ಸಿಮೆಂಟ್ ಹಾಕಿದ್ರೂ ಬಿದ್ದೇ ಬೀಳುತ್ತೆ. ಕೆಲವು ಸಲ ಬೇರನ್ನೇ ಸೀಳಿಕೊಂಡು ಬೀಳುತ್ತೆ. ಆಮೇಲೆ ಉಳಿಯೋ ದಾರಿ ಕೀಳೋದೊಂದೇ.

ಹಾಗಾದ್ರೆ ಕ್ಯಾಪನ್ನ ವಸಡಿನ ಒಳಗೆ ಇನ್ನೂ ಇಳಿಸಿ ಹಾಕಿದ್ರಾಯ್ತಲ್ಲ ಅಂತ ಕೇಳ್ತಾರೆ. ಆಗಲ್ಲ. ಮೂಳೆಯ ಮೇಲೆ ವಸಡು ಹಲ್ಲಿಗೆ ಅಂಟಿಕೊಳ್ಳೋಕೆ ಅದಕ್ಕೇ ಅಂತ ಒಂದಿಷ್ಟು ಜಾಗ ಬೇಕು. 1961ರಲ್ಲಿ ಗಾರ್ಜುಲೊ ಮತ್ತು ಜೊತೆಗಾರರು ಅಳೆದು ಸರಾಸರಿ 2.04 ಮಿ.ಮೀ. ಅಂತ ಬರೆದ್ರು. ಅದನ್ನ ನಾವು ಬಯಾಲಜಿಕ್ ವಿಡ್ತ್ ಅಂತ ಓದಿದ್ವಿ, ಈಗ ಹೆಸರು ಬದಲಾಗಿದೆ. ಅಳತೆ ಒಬ್ಬೊಬ್ಬರಿಗೆ ಬೇರೆ ಬೇರೆ, ಹಲ್ಲಿಂದ ಹಲ್ಲಿಗೂ ಬೇರೆ. ಆ ಜಾಗಕ್ಕೆ ಕ್ಯಾಪಿನ ಅಂಚು ನುಗ್ಗಿದ್ರೆ ವಸಡು ಸುಮ್ಮನಿರಲ್ಲ. ಕೆಂಪಾಗುತ್ತೆ, ಬ್ರಷ್ ತಾಗಿದ್ರೆ ರಕ್ತ ಬರುತ್ತೆ, ಒಳಗೆ ಮೂಳೆ ತಾನಾಗೇ ಕರಗುತ್ತೆ. ಅದು ಅಡ್ಡಾದಿಡ್ಡಿ ಕರಗೋಕೆ ಬಿಡೋ ಬದಲು, ನಾವೇ ಎಷ್ಟು ಬೇಕೋ ಅಷ್ಟನ್ನ ಅಳತೆಯಲ್ಲಿ ತೆಗೀತೀವಿ. ಕ್ಯಾಪಿನ ಅಂಚಿಂದ ಮೂಳೆಗೆ ಸುಮಾರು 3 ಮಿ.ಮೀ. ಸಿಗೋ ಹಾಗೆ. ಹೆಸರಿಗೆ ದೊಡ್ಡ ಸರ್ಜರಿ, ತೆಗೆಯೋ ಮೂಳೆ ಅಕ್ಕಿಕಾಳಿನ ದಪ್ಪದ್ದು.

ಹೆತ್ತೂರು ಹೊಳೆ

ಡಾಕ್ಟ್ರೇ, ಒನಕೆ ಅಣಸು ಅಂದಿದ್ದು ಮನಸ್ಸಿಗೆ ಹತ್ತಿತು. ನಮ್ಮ ಅಟ್ಟದ ಮೇಲೆ ಇನ್ನೂ ಒಂದು ಒನಕೆ ಇದೆ. ಅತ್ತೆಗೆ ಅದನ್ನೇ ತೋರಿಸಿ ಹೇಳ್ತೀನಿ.

ಕಡೂರು ಬಯಲು

ಲೇಸರ್‌ನಲ್ಲಿ ಹೊಲಿಗೆನೇ ಇಲ್ಲದೆ ಹತ್ತು ನಿಮಿಷಕ್ಕೆ ಮುಗಿಸ್ತಾರಂತಲ್ಲ? ನಮ್ಮ ತಂಗಿಗೆ ಹಾಗೇ ಮಾಡಿದ್ರು. ಇವರಿಗೆ ಯಾಕೆ ಮೂಳೆ ಕೊರೆಯೋದು?

ವಸಡು ವೈದ್ಯೆ

ನಿಮ್ಮ ತಂಗಿಗೆ ಬರೀ ವಸಡು ಜಾಸ್ತಿ ಬೆಳೆದಿದ್ದಿರಬೇಕು, ಮೂಳೆ ಕೆಳಗೇ ಇದ್ದಿರಬೇಕು. ಆಗ ವಸಡಷ್ಟೇ ಕತ್ತರಿಸಿದ್ರೆ ಸಾಕು. ಲೇಸರ್ ಆಗಲಿ, ಬ್ಲೇಡ್ ಆಗಲಿ, ಕರೆಂಟಿನ ಬಿಸಿಯಲ್ಲಿ ಕತ್ತರಿಸೋ ಕಾಟರಿ ಆಗಲಿ. ಆದರೆ ಮೂಳೆ ಹತ್ರದಲ್ಲೇ ಇರುವಾಗ ಬರೀ ವಸಡು ಕತ್ತರಿಸಿದ್ರೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆದು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೆ. ವಸಡು ಯಾವಾಗಲೂ ಮೂಳೆಯನ್ನ ಹಿಂಬಾಲಿಸುತ್ತೆ. ಅದಕ್ಕೇ ಮೊದಲು ಜೋಮು ಹಿಡಿಸಿ, ಗೆರೆ ಹಾಕಿದ ತೆಳು ಕಡ್ಡಿ ಇಳಿಸಿ, ಮೂಳೆ ಎಷ್ಟು ಆಳದಲ್ಲಿದೆ ಅಂತ ಮುಟ್ಟಿ ನೋಡ್ತೀವಿ.

ಮೂಡಿಗೆರೆ ಮಳೆ

ಎಲ್ಲ ಸರಿ ಮೇಡಂ. ಆದರೆ ಖರ್ಚು? ನಮ್ಮಂಥೋರಿಗೆ ಅದೇ ಮೊದಲ ಪ್ರಶ್ನೆ. ಕಾಫಿಗೆ ರೇಟ್ ಬಂದಿದೆ ಅಂತ ಎಲ್ಲರ ಕೈಯಲ್ಲೂ ದುಡ್ಡು ಓಡಾಡ್ತಿಲ್ಲ. ಐದು ಎಕರೆಯವನ ಕಥೆ ಬೇರೆ.

ಆಲೂರು ಅಕ್ಕಿ

ನಂಗೆ ಹೋದ ವರ್ಷ ಸರ್ಜರಿಗೆ ಐದು ಸಾವಿರ ತಗೊಂಡ್ರು, ಎಕ್ಸ್‌ರೇ, ಹೊಲಿಗೆ ಬಿಚ್ಚೋದು ಎಲ್ಲ ಸೇರಿ. ಹೊಸ ಕ್ಯಾಪ್ ಬೇರೆ. ಇನ್ನೊಂದು ಕಡೆ ಕೇಳಿದಾಗ ಎಂಟು ಅಂದಿದ್ರು. ಅದೇ ಜಾಗಕ್ಕೆ ಇಂಪ್ಲಾಂಟ್ ಅಂತ ಕೇಳಿದ್ರೆ ಇದರ ನಾಲ್ಕೈದು ಪಟ್ಟು. ಅದಕ್ಕೂ ಮೂಳೆ ಕೊರೆದೇ ಸ್ಕ್ರೂ ಇಳಿಸ್ತಾರೆ ಅಣ್ಣ, ಅದಕ್ಕೂ ತಿಂಗಳುಗಟ್ಟಲೆ ಕಾಯಬೇಕು. "ಒಂದೇ ಸಲಕ್ಕೆ ಮುಗೀತು" ಅಂತ ನೀವು ಹೇಳಿದ್ದು ಸರಿಯಿಲ್ಲ.

ಇಂಟರ್ನ್ ಹುಡುಗ

ಖರ್ಚು ಕಮ್ಮಿ ಆಗಬೇಕು ಅನ್ನೋರು ಹಾಸನದ ವಿದ್ಯಾನಗರದಲ್ಲಿರೋ ಹಾಸನಾಂಬ ಡೆಂಟಲ್ ಕಾಲೇಜಿಗೂ ಹೋಗಿ ತೋರಿಸಬಹುದು. ಯಾವ ಡೆಂಟಲ್ ಕಾಲೇಜಾದ್ರೂ ವಸಡಿಗೇ ಒಂದು ವಿಭಾಗ ಇರುತ್ತೆ, ಹೊರಗಿನ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಮ್ಮಿ ಬೀಳುತ್ತೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಹಳೇ ಎಕ್ಸ್‌ರೇ ಇದ್ರೆ ತಗೊಂಡು ಹೋಗಿ. ಬಿದ್ದ ಕ್ಯಾಪನ್ನೂ ಒಂದು ಡಬ್ಬೀಲಿ ಹಾಕಿ ತಗೊಂಡು ಹೋಗಿ, ಎಸೀಬೇಡಿ.

ಬೇಲೂರಮ್ಮ

ಈಗ ನನ್ನ ಕಥೆ ಕೇಳಿ. ಯಾವ ಊರು, ಯಾವ ಕ್ಲಿನಿಕ್ ಅಂತ ಹೇಳಲ್ಲ. ನಂಗೂ ಇದೇ ಸರ್ಜರಿ ಆಗಿತ್ತು, ಮೇಲಿನ ಹಲ್ಲಿಗೆ. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದ್ರು, ಅವತ್ತೇ ಅಳತೆ ತಗೊಂಡ್ರು, ಮುಂದಿನ ವಾರ ಕ್ಯಾಪ್ ಕೂರಿಸಿಯೂ ಬಿಟ್ರು. ಮಗಳ ಮದುವೆ ಹತ್ರ ಇತ್ತು, ನಾನೂ ಬೇಗ ಮುಗಿಸಿ ಅಂತ ಅವಸರ ಮಾಡಿದ್ದು ನಿಜ. ಆದರೆ ಕಾಯಬೇಕು ಅಂತ ಹೇಳಬೇಕಾದವರು ಅವರಲ್ವಾ?

ಎರಡು ತಿಂಗಳು ಕಳೆಯೋ ಹೊತ್ತಿಗೆ ವಸಡು ಇನ್ನೂ ಮೇಲಕ್ಕೆ ಸರಿದು ಕ್ಯಾಪಿನ ಅಂಚಿನ ಮೇಲೆ ಹಲ್ಲಿನ ಬೇರು ಹಳದಿಯಾಗಿ ಕಾಣೋಕೆ ಶುರುವಾಯ್ತು. ತಣ್ಣೀರು ಬಾಯಿಗಿಟ್ರೆ ಪಕ್ಕದ ಹಲ್ಲು ಜುಮ್ ಅನ್ನುತ್ತೆ. ಅಂಚಲ್ಲಿ ಊಟ ಸಿಕ್ಕಿಹಾಕಿಕೊಂಡು ವಾಸನೆ. ಕೊನೆಗೆ ಬೇರೆ ಕಡೆ ಹೋಗಿ ಆ ಕ್ಯಾಪ್ ಕತ್ತರಿಸಿ ತೆಗೆಸಿ ಹೊಸದು ಹಾಕಿಸಿದೆ. ದುಡ್ಡಿಗಿಂತ ಮನಸ್ಸಿಗಾದ ನೋವು ಜಾಸ್ತಿ. ಅಮ್ಮಾ, ನೀವು ಎಷ್ಟೇ ಅವಸರ ಇದ್ರೂ ಕಾಯಿರಿ.

ಲ್ಯಾಬ್ ಕೆಲಸದವ

ನಾನು ಹಲ್ಲಿನ ಲ್ಯಾಬಲ್ಲಿ ಹದಿನಾಲ್ಕು ವರ್ಷದಿಂದ ಕ್ಯಾಪ್ ಮಾಡ್ತಿದ್ದೀನಿ. ಬೇಲೂರಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಟೇಬಲ್ಲಿಗೆ ಬರೋ ಅಚ್ಚು ನೋಡಿದ್ರೆ ಗೊತ್ತಾಗಿಬಿಡುತ್ತೆ, ವಸಡು ಮಾಗಿದೆಯೋ ಇಲ್ಲವೋ ಅಂತ. ಮಾಗಿದ ಬಾಯಿಯ ಅಚ್ಚಲ್ಲಿ ಹಲ್ಲಿನ ಅಂಚು ದಾರ ಎಳೆದ ಹಾಗೆ ಸ್ಪಷ್ಟ ಇರುತ್ತೆ. ಮಾಗದೇ ಇರೋದ್ರಲ್ಲಿ ರಕ್ತ, ಜೊಲ್ಲು ಸೇರಿ ಆ ಗೆರೆ ಕಲಸಿಹೋಗಿರುತ್ತೆ. ಅಲ್ಲಿ ನಾವು ಅಂದಾಜಿನ ಮೇಲೆ ಗೆರೆ ಎಳೀಬೇಕು. ಅಂದಾಜಿನ ಕ್ಯಾಪು ಅಂದಾಜಿಗೇ ಕೂರುತ್ತೆ. ನಾನು ಎಷ್ಟೋ ಅಚ್ಚು ವಾಪಸ್ ಕಳಿಸಿದ್ದೀನಿ, ಬೈಸಿಕೊಂಡಿದ್ದೀನಿ.

ಹೆತ್ತೂರು ಹೊಳೆ

ಹಾಗಾದ್ರೆ ಎಷ್ಟು ದಿನ ಕಾಯಬೇಕು? ಅಷ್ಟೂ ದಿನ ಹಲ್ಲು ಹಾಗೇ ಬಿಟ್ಟಿರ್ತಾರಾ?

ವಸಡು ವೈದ್ಯೆ

ಹಿಂದಿನ ಹಲ್ಲಿಗೆ ಆರರಿಂದ ಎಂಟು ವಾರ. ಮುಂದಿನ ಹಲ್ಲಿಗೆ ಮೂರು ತಿಂಗಳು, ಕೆಲವರಿಗೆ ಆರು ತಿಂಗಳವರೆಗೂ ಕಾಯೋದು ಒಳ್ಳೇದು. ನಗುವಾಗ ಕಾಣೋ ಜಾಗ ಅದು, ವಸಡಿನ ಗೆರೆ ಅರ್ಧ ಮಿ.ಮೀ. ಸರಿದ್ರೂ ಎದ್ದು ಕಾಣುತ್ತೆ. ಅಲ್ಲಿಯವರೆಗೆ ತಾತ್ಕಾಲಿಕ ಕ್ಯಾಪ್ ಅಥವಾ ಗಟ್ಟಿ ಫಿಲ್ಲಿಂಗ್ ಇರುತ್ತೆ. ಅದರ ಅಂಚನ್ನ ವಸಡಿಗೆ ತಾಗದ ಹಾಗೆ ಮೇಲೇ ಇಟ್ಟಿರ್ತಾರೆ. ಆ ಕಡೆ ಗಟ್ಟಿಯಾದದ್ದು ಅಗಿಯಬೇಡಿ ಅಷ್ಟೆ.

ಬೇಲೂರಮ್ಮ, ನಿಮಗಾದದ್ದಕ್ಕೆ ನಿಜಕ್ಕೂ ಬೇಸರವಾಯ್ತು. ರೋಗಿ ಅವಸರ ಮಾಡಿದ್ರೂ "ಇಲ್ಲ, ಆಗಲ್ಲ" ಅನ್ನೋದು ನಮ್ಮ ಕೆಲಸ.

ಕೊಪ್ಪದ ಅಡಿಕೆಮನೆ

ನಂದೊಂದು ಪ್ರಶ್ನೆ ಮಾರಾಯ್ರೆ. ಊಟ ಆದ್ಮೇಲೆ ಎಲೆ ಅಡಿಕೆ ಹಾಕೋ ಅಭ್ಯಾಸ ನಲವತ್ತು ವರ್ಷದ್ದು. ಹೊಗೆಸೊಪ್ಪು ಇಲ್ಲ, ಬರೀ ಎಲೆ, ಅಡಿಕೆ, ಸುಣ್ಣ. ಸರ್ಜರಿ ಆದ್ರೆ ಎಷ್ಟು ದಿನ ಬಿಡಬೇಕು?

ಅರಸೀಕೆರೆ ತೆಂಗು

ಬಿಟ್ಟದ್ದು ಬಿಟ್ಟ ಹಾಗೇ ಇರಲಿ ಅಣ್ಣ. ಇದೇ ಒಳ್ಳೇ ಸಮಯ.

ವಸಡು ವೈದ್ಯೆ

ಗಾಯ ಪೂರ್ತಿ ಮಾಗೋವರೆಗೂ ಮುಟ್ಟಬೇಡಿ. ಅಡಿಕೆ ಚೂರು ಹೊಲಿಗೆ ಸಂದಿಗೆ ಸೇರಿದ್ರೆ ಕೀವಾಗುತ್ತೆ, ಸುಣ್ಣ ಹಸಿ ಗಾಯವನ್ನ ಸುಡುತ್ತೆ. ಬೀಡಿ ಸಿಗರೇಟು ಇದ್ರೆ ಮಾಗೋದು ಇನ್ನೂ ನಿಧಾನ. ಮತ್ತೆ ಅಣ್ಣ, ಹೊಗೆಸೊಪ್ಪು ಇಲ್ಲದಿದ್ರೂ ಬರೀ ಅಡಿಕೆಯಿಂದಲೂ ಬಾಯಿ ಒಳಚರ್ಮ ಬಿಗಿಯುತ್ತೆ. ನಿಮ್ಮ ಬಾಯಿಗೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಿಡಿಸುತ್ತಾ ನೋಡಿ. ಹಿಡಿಸದಿದ್ರೆ ಈ ಸರ್ಜರಿ ಮಾತು ಆಮೇಲೆ, ಮೊದಲು ಬಾಯಿ ತೋರಿಸಿ.

ಕೊಪ್ಪದ ಅಡಿಕೆಮನೆ

ಎರಡೂವರೆ ಹಿಡಿಸ್ತದೆ. ಮೂರನೇದು ಹೋಗಲ್ಲ.

ಅಡಿಕೆ ಬೆಳೆದೇ ಮಕ್ಕಳನ್ನ ಓದಿಸಿದ್ದು ನಾವು. ಅದನ್ನೇ ಕೆಟ್ಟದ್ದು ಅಂತ ಒಪ್ಪೋದು ಸುಲಭ ಅಲ್ಲ. ಆದ್ರೂ ಈ ವಾರ ತೋರಿಸ್ತೀನಿ.

ಕಡೂರು ಬಯಲು

ಅಡಿಕೆ ಬೆಳೆಗಾರರ ಮೇಲೆ ಎಲ್ಲರಿಗೂ ಯಾಕೆ ಕಣ್ಣು? ಗುಟ್ಕಾ ಮಾಡೋರನ್ನ ಹಿಡೀರಿ ಮೊದಲು.

ಇಂಟರ್ನ್ ಹುಡುಗ

ಸರ್, ಬೆಳೆಗಾರರನ್ನ ಯಾರೂ ದೂರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ದಿನಾ ಓಪಿಡಿಯಲ್ಲಿ ಬಾಯಿ ತೆರೆಯೋಕಾಗದೆ ಅಳೋರನ್ನ ನೋಡ್ತೀವಿ. ಅಡಿಕೆಮನೆ ಅಣ್ಣ, ಈ ವಾರ ಅಂದಿದ್ದನ್ನ ಮುಂದೂಡಬೇಡಿ ದಯವಿಟ್ಟು.

ಬೇಲೂರಮ್ಮ

ಮಾತು ಎಲ್ಲೆಲ್ಲಿಗೋ ಹೋಯ್ತು. ಹೆತ್ತೂರಿನವರೇ, ಊಟದ ವಿಷಯ ಹೇಳ್ತೀನಿ. ಮೊದಲ ದಿನ ತಣ್ಣಗೆ ಅಥವಾ ಉಗುರು ಬೆಚ್ಚಗೆ ಇರೋದೇ ತಿನ್ನಿ. ರಾಗಿ ಅಂಬಲಿ ಮಜ್ಜಿಗೆಗೆ ಹಾಕಿ ಕುಡೀರಿ, ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು. ಎರಡನೇ ದಿನದಿಂದ ಇಡ್ಲಿ, ಕಡುಬು ಬೇಳೆ ತಿಳಿಯಲ್ಲಿ ನೆನೆಸಿ ಇನ್ನೊಂದು ಪಕ್ಕದಲ್ಲಿ ತಿನ್ನಬಹುದು. ಮುದ್ದೆ ಹೇಗೂ ನುಂಗೋದೇ, ಆದರೆ ಸಾರಿಗೆ ಖಾರ ಬೇಡ. ಸ್ಟ್ರಾ ಹಾಕಿ ಎಳನೀರು ಕುಡೀಬೇಡಿ, ಲೋಟಕ್ಕೆ ಬಗ್ಗಿಸಿ ಕುಡೀರಿ. ಎಳೆಯೋ ರಭಸಕ್ಕೆ ಹೆಪ್ಪುಗಟ್ಟಿದ ರಕ್ತ ಬಿಟ್ಕೊಳ್ಳುತ್ತೆ.

ಆಲೂರು ಅಕ್ಕಿ

ಅದರ ಜೊತೆ ಇದನ್ನೂ ಸೇರಿಸಿ. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗಿಯಬೇಡಿ. ಐಸನ್ನ ಬಟ್ಟೇಲಿ ಸುತ್ತಿ ಹೊರಗಡೆ ಕೆನ್ನೆಗೆ ಹತ್ತು ನಿಮಿಷ ಇಡೋದು, ತೆಗೆಯೋದು. ಅದು ಅವತ್ತಿಗೆ ಮಾತ್ರ. ಮಾರನೇ ದಿನದಿಂದ ಉಪ್ಪು ಹಾಕಿದ ಉಗುರು ಬೆಚ್ಚಗಿನ ನೀರು ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ಬಿಡೋದು. ಎರಡು ದಿಂಬು ಜಾಸ್ತಿ ಇಟ್ಟು ಮಲಗಿ, ತಲೆ ಎತ್ತರಕ್ಕಿದ್ರೆ ಊತ ಕಮ್ಮಿ.

ನಂಗೆ ಹೊಲಿಗೆ ಮೇಲೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದು ಮೆತ್ತಿ ಕಳಿಸಿದ್ರು. ಪ್ಯಾಕ್ ಅಂತಾರೆ. ಸ್ವಲ್ಪ ಹೊತ್ತಿಗೆ ಗಟ್ಟಿಯಾಗುತ್ತೆ, ನಾಲಿಗೆಗೆ ದಿನಾ ತಾಗ್ತಿರುತ್ತೆ. ಐದನೇ ದಿನ ಒಂದು ತುಂಡು ಮುರಿದು ಬಿತ್ತು. ಗಾಬರಿಯಾಗಿ ರಾತ್ರಿ ಫೋನ್ ಮಾಡಿದೆ. ರಕ್ತ ಬರ್ತಿಲ್ಲ, ನೋವಿಲ್ಲ ಅಂದ್ರೆ ಪರವಾಗಿಲ್ಲ, ಬೆಳಿಗ್ಗೆ ಬನ್ನಿ ಅಂದ್ರು.

ಕಾಫಿಕಣಿವೆ

ಕಾಫಿ? ಯಾರೂ ಕಾಫಿ ವಿಷಯ ಹೇಳ್ತಾನೇ ಇಲ್ಲ! ಚಿಕ್ಕಮಗಳೂರಿನವರಿಗೆ ಅದು ಅನ್ನಕ್ಕಿಂತ ಮುಖ್ಯ.

ಅರಸೀಕೆರೆ ತೆಂಗು

ಮೊದಲ ದಿನ ಬಿಸಿ ಯಾವುದೂ ಬೇಡ. ಆಮೇಲೆ ಆರಿಸಿ ಕುಡೀಬಹುದು. ಆದರೆ ಹುಷಾರು, ಬಾಯಿ ಮುಕ್ಕಳಿಸೋಕೆ ಕೊಡ್ತಾರಲ್ಲ ಕ್ಲೋರ್‌ಹೆಕ್ಸಿಡಿನ್, ಅದು ಕಾಫಿ ಟೀ ಜೊತೆ ಸೇರಿ ಹಲ್ಲಿಗೆ ಕಂದು ಕಲೆ ಹಿಡಿಸುತ್ತೆ. ಎರಡು ವಾರಕ್ಕೆ ನನ್ನ ಮುಂದಿನ ಹಲ್ಲೆಲ್ಲ ಮಸಿ ಮೆತ್ತಿದ ಹಾಗಾಗಿತ್ತು. ಹೆದರಿದ್ದೆ. ಹೊಲಿಗೆ ಬಿಚ್ಚಿದ ಮೇಲೆ ಕ್ಲೀನಿಂಗ್ ಮಾಡಿದಾಗ ಹೋಯ್ತು. ನಾಲಿಗೆ ರುಚಿಯೂ ಕೆಟ್ಟಿತ್ತು, ಉಪ್ಪಿನಕಾಯಿನೂ ಸಪ್ಪೆ. ಅದನ್ನ ನಿಲ್ಲಿಸಿದ ಮೇಲೆ ಸರಿಹೋಯ್ತು.

ವಸಡು ವೈದ್ಯೆ

ಸರಿಯಾಗಿ ಹೇಳಿದ್ರಿ. 0.2 ಶೇಕಡಾದ್ದಾದ್ರೆ 10 ಎಂ.ಎಲ್., ಒಂದು ನಿಮಿಷ, ದಿನಕ್ಕೆ ಎರಡು ಸಲ. ಟೂತ್‌ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬೇಡ, ಅರ್ಧ ಗಂಟೆ ಬಿಡಿ, ಇಲ್ಲದಿದ್ರೆ ಔಷಧಿ ಕೆಲಸ ಮಾಡಲ್ಲ. ಮುಕ್ಕಳಿಸಿದ ಮೇಲೆ ಒಂದು ಗಂಟೆ ಬಿಟ್ಟು ಕಾಫಿ ಕುಡೀರಿ, ಕಲೆ ಕಮ್ಮಿಯಾಗುತ್ತೆ. ನಾನೂ ಕಾಫಿ ತೋಟದ ಮನೆಯವಳೇ, ಬಿಡಿ ಅಂತ ಹೇಳೋ ಧೈರ್ಯ ಮಾಡಲ್ಲ.

ಚನ್ನರಾಯಪಟ್ಟಣ ಚಂದ್ರ

ಅಪ್ಪನಿಗೆ 68. ಜಯದೇವದಲ್ಲಿ ಸ್ಟೆಂಟ್ ಹಾಕಿಸಿದ್ದೀವಿ, ರಕ್ತ ತೆಳುವಾಗೋ ಮಾತ್ರೆ ಎರಡು ನಡೀತಿದೆ, ಶುಗರ್ ಬೇರೆ. ಅವರಿಗೂ ಇದನ್ನೇ ಹೇಳಿದ್ದಾರೆ. ಮಾತ್ರೆ ಮೂರು ದಿನ ನಿಲ್ಲಿಸಿ ಹೋಗಲಾ ಅಂತ ಅಪ್ಪ ಕೇಳ್ತಿದ್ದಾರೆ.

ವಸಡು ವೈದ್ಯೆ

ನಿಲ್ಲಿಸಬೇಡಿ! ಸ್ಟೆಂಟ್ ಇರೋರು ತಾವಾಗೇ ಮಾತ್ರೆ ನಿಲ್ಲಿಸೋದು ಹಲ್ಲಿನ ರಕ್ತಕ್ಕಿಂತ ಸಾವಿರ ಪಾಲು ಅಪಾಯ. ಬಾಯಲ್ಲಿ ಬರೋ ರಕ್ತವನ್ನ ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸೋ ದಾರಿ ನಮಗಿದೆ. ಹೃದಯದ ಡಾಕ್ಟರ ಚೀಟಿ ತೆಗೆದುಕೊಂಡು ಬನ್ನಿ, ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯ್ತು ಅನ್ನೋದೂ ಮುಖ್ಯ. ಹೊಸದಾಗಿ ಹಾಕಿದ್ರೆ ಈ ಸರ್ಜರಿಯನ್ನೇ ಮುಂದಕ್ಕೆ ಹಾಕ್ತೀವಿ, ಇದು ಕಾಯಬಹುದಾದ ಕೆಲಸ. ಶುಗರ್‌ಗೆ ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಮಾಡಿಸಿ. ನಾನು 8ರ ಒಳಗೆ ಬರಲಿ ಅಂತ ಕಾಯ್ತೀನಿ.

ಇನ್ನೊಂದು, ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತಗೊಳ್ಳೋ ಹೆಂಗಸರು ಅದನ್ನ ಹೇಳೋದೇ ಇಲ್ಲ. ಹಲ್ಲಿಗೂ ಅದಕ್ಕೂ ಏನು ಸಂಬಂಧ ಅಂದುಕೊಳ್ತಾರೆ. ಸಂಬಂಧ ಇದೆ. ಅಂಥವರಿಗೆ ದವಡೆ ಮೂಳೆ ಮುಟ್ಟಿದ್ರೆ ಮಾಗೋದು ಕಷ್ಟ ಆಗಬಹುದು. ದಯವಿಟ್ಟು ಮುಚ್ಚಿಡಬೇಡಿ.

ಚನ್ನರಾಯಪಟ್ಟಣ ಚಂದ್ರ

ತುಂಬ ಉಪಕಾರ ಆಯ್ತು ಮೇಡಂ. ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳ್ತೀನಿ.

ಮೂಡಿಗೆರೆ ಮಳೆ

ಮೇಡಂ, ಹಠಕ್ಕೆ ಕೇಳ್ತಿಲ್ಲ. ಯಾವಾಗ ಈ ಸರ್ಜರಿ ಬೇಡ, ಕೀಳೋದೇ ವಾಸಿ ಅಂತ ನೀವೇ ಹೇಳ್ತೀರಾ?

ವಸಡು ವೈದ್ಯೆ

ಒಳ್ಳೇ ಪ್ರಶ್ನೆ. ನಾನು ಬೇಡ ಅಂದು ಕಳಿಸಿರೋರು ಬೇಕಾದಷ್ಟು ಜನ ಇದ್ದಾರೆ.

ಬೇರು ಗಿಡ್ಡ ಇದ್ರೆ ಬೇಡ. ಸುತ್ತಲ ಮೂಳೆ ತೆಗೆದಷ್ಟೂ ಹಲ್ಲಿನ ಆಧಾರ ಕಮ್ಮಿಯಾಗುತ್ತೆ, ಹೊರಗೆ ಉದ್ದ ಒಳಗೆ ಗಿಡ್ಡ ಆದ್ರೆ ಬೇಲಿ ಗೂಟದ ಹಾಗೆ ಅಲ್ಲಾಡುತ್ತೆ. ಹಿಂದಿನ ಹಲ್ಲಿಗೆ ಎರಡು ಮೂರು ಬೇರು ಇರುತ್ತಲ್ಲ, ಅವು ಕವಲೊಡೆಯೋ ಜಾಗ ವಸಡಿಗೆ ಹತ್ರ ಇದ್ರೂ ಬೇಡ. ಮೂಳೆ ತೆಗೆದಾಗ ಆ ಕವಲು ಬಯಲಾದ್ರೆ ಅದರೊಳಗೆ ಸೇರಿದ ಕೊಳೆ ಯಾವ ಬ್ರಷ್‌ಗೂ ಸಿಗಲ್ಲ. ಹೆತ್ತೂರಿನವರು ತಮ್ಮ ಡಾಕ್ಟ್ರನ್ನ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: "ಕವಲಿಗೆ ಎಷ್ಟು ದೂರ ಇದೆ?" ಹಲ್ಲು ಬೇರಿನವರೆಗೂ ಸೀಳಿದ್ರೆ ಖಂಡಿತ ಬೇಡ.

ಮುಂದಿನ ಒಂದೇ ಹಲ್ಲಿಗೂ ನಾನು ಹಿಂಜರೀತೀನಿ. ಆ ಹಲ್ಲೊಂದೇ ಉದ್ದ ಕಾಣುತ್ತೆ. ಅಲ್ಲಿ ತಂತಿ ಹಾಕಿ ಬೇರನ್ನ ನಿಧಾನವಾಗಿ ಹೊರಗೆ ಎಳೆದುಕೊಳ್ಳೋ ದಾರಿ ಇದೆ, ತಿಂಗಳುಗಳು ಹಿಡಿದ್ರೂ ಅಂದ ಕೆಡಲ್ಲ. ಮುರಿದ ಅಂಚು ಒಂದು ಪಕ್ಕ ಸ್ವಲ್ಪ ಮಾತ್ರ ವಸಡಿನ ಒಳಗೆ ಹೋಗಿದ್ದು ಮೂಳೆಗೆ ಇನ್ನೂ ದೂರ ಇದ್ರೆ ಫಿಲ್ಲಿಂಗ್ ಮಾಡಿ ಅಂಚನ್ನೇ ಮೇಲೆತ್ತಿಕೊಳ್ಳೋ ವಿಧಾನವೂ ಇದೆ, ಆಗ ಕುಯ್ಯೋದೇ ಬೇಡ.

ಮೂಡಿಗೆರೆ ಮಳೆ

ಇಷ್ಟು ಬಿಡಿಸಿ ಹೇಳಿದ್ರೆ ಯಾರು ತಾನೆ ಬೇಡ ಅಂತಾರೆ. ನಮ್ಮ ಕಡೆ ಎಕ್ಸ್‌ರೇ ತೋರಿಸಿ ಎರಡು ಮಾತು ಹೇಳೋಕೂ ಸಮಯ ಇರಲ್ಲ, ಅದಕ್ಕೇ ನಂಬಿಕೆ ಬರಲ್ಲ. ನಾನು ಹೇಳಿದ್ದನ್ನ ಹಿಂತಗೋತೀನಿ ಅಕ್ಕ, ಬೇರು ಸರಿ ಇದ್ರೆ ಉಳಿಸಿಕೊಳ್ಳಿ.

ಹೆತ್ತೂರು ಹೊಳೆ

ಎಲ್ಲರಿಗೂ ಮತ್ತೆ ನಮಸ್ಕಾರ. ಹಬ್ಬ ಮುಗಿಸಿಕೊಂಡು ಹೋದ ಸೋಮವಾರ ಹಾಸನದಲ್ಲಿ ಮಾಡಿಸಿಕೊಂಡೆ. ಮೊದಲು ಕವಲಿನ ಪ್ರಶ್ನೆ ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಎಕ್ಸ್‌ರೇಯನ್ನ ದೊಡ್ಡದು ಮಾಡಿ, ಪೆನ್ನಿನ ತುದಿಯಲ್ಲಿ ತೋರಿಸಿದ್ರು: ಇಲ್ಲಿ ನಿಮ್ಮ ಹಲ್ಲು ಮುರಿದಿರೋದು, ಇಲ್ಲಿ ಮೂಳೆ, ಇಲ್ಲಿ ಕವಲು, ಇಷ್ಟು ಜಾಗ ಇದೆ. ಆಮೇಲೆ ನಂಗೆ ಹೆದರಿಕೆನೇ ಆಗಲಿಲ್ಲ.

ಬೆಳಿಗ್ಗೆ ತಿಂಡಿ ತಿಂದೇ ಬನ್ನಿ ಅಂದಿದ್ರು. ಸದ್ದಿನ ವಿಷಯ ತೆಂಗು ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಮನಸ್ಸಲ್ಲಿ ದೇವರ ನಾಮ ಹೇಳಿಕೊಳ್ತಾ ಮಲಗಿದ್ದೆ. ಪಕ್ಕದ ಹಲ್ಲಿನ ಕಡೆಗೂ ಸ್ವಲ್ಪ ಕೊರೆದ್ರಂತೆ, ಮೂಳೆ ಒಂದೇ ಕಡೆ ಗುಂಡಿ ಬೀಳಬಾರದು, ಇಳಿಜಾರಾಗಿ ಇರಬೇಕು ಅಂತ. ಅದನ್ನ ಯಾರೂ ಇಲ್ಲಿ ಹೇಳಿರಲಿಲ್ಲ, ಅದಕ್ಕೇ ಬರೀತಿದ್ದೀನಿ. ಎದ್ದ ಮೇಲೆ ಕನ್ನಡೀಲಿ ತೋರಿಸಿದ್ರು. ಕಪ್ಪು ದಾರದ ನಾಲ್ಕು ಹೊಲಿಗೆ, ನಡುವೆ ನನ್ನ ಹಲ್ಲು, ಸುತ್ತ ಪೂರ್ತಿ ಬೆಳ್ಳಗೆ. ಅಷ್ಟು ಹಲ್ಲು ಒಳಗಿತ್ತು ಅಂತ ನಂಗೆ ಗೊತ್ತೇ ಇರಲಿಲ್ಲ.

ವಾಪಸ್ ಬರುವಾಗ ಜೋರು ಮಳೆ. ಮನೆಯವರು 40 ಕಿಲೋಮೀಟರನ್ನೂ ಮೆಲ್ಲಗೆ ಓಡಿಸಿದ್ರು. ಗುಂಡಿಗೆ ಇಳಿದಾಗೆಲ್ಲ ಕೆನ್ನೆ ಹಿಡ್ಕೊಂಡೆ. ಆ ರಾತ್ರಿ ನೋವಿತ್ತು, ಎರಡನೇ ರಾತ್ರಿ ಇನ್ನೂ ಸ್ವಲ್ಪ ಇತ್ತು. ಈಗ ಬರೀ ಬಿಗಿತ. ಅತ್ತೆನೇ ಬೆಳಿಗ್ಗೆ ಅಂಬಲಿ ಕಾಸಿ ಆರಿಸಿ ತಂದುಕೊಡ್ತಿದ್ದಾರೆ.

ಬೇಲೂರಮ್ಮ

ಓದಿ ಮನಸ್ಸು ತುಂಬಿತು ಕಣಮ್ಮ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಅರಸೀಕೆರೆ ತೆಂಗು

ಹೊಲಿಗೆ ಬಿಚ್ಚೋಕೆ ಹೆದರಬೇಡಿ. ಇರುವೆ ಕಚ್ಚಿದಷ್ಟೂ ಇಲ್ಲ. ಬಿಚ್ಚಿದ ಮೇಲೆ ಆ ಜಾಗಕ್ಕೆ ಮೆತ್ತನೆ ಬ್ರಷ್ ತಗೊಳ್ಳಿ. ತಣ್ಣೀರಿಗೆ ಪಕ್ಕದ ಹಲ್ಲು ಕೆಲವು ವಾರ ಜುಮ್ ಅನ್ನುತ್ತೆ, ಜುಮ್ ಅನ್ನೋ ಹಲ್ಲಿಗೆ ಅಂತಲೇ ಪೇಸ್ಟ್ ಸಿಗುತ್ತೆ.

ಲ್ಯಾಬ್ ಕೆಲಸದವ

ಸಂದಿ ಸ್ವಲ್ಪ ಅಗಲ ಆಗಿರುತ್ತೆ, ಊಟ ನಿಲ್ಲುತ್ತೆ. ಸಂದಿಗೆ ಅಂತ ಸಣ್ಣ ಬ್ರಷ್ ಬರುತ್ತೆ, ಅದನ್ನ ಈಗಿಂದಲೇ ಅಭ್ಯಾಸ ಮಾಡಿಕೊಳ್ಳಿ. ಕಡ್ಡಿ, ಪಿನ್ನು ಹಾಕಿ ಚುಚ್ಚಬೇಡಿ.

ಕೊಪ್ಪದ ಅಡಿಕೆಮನೆ

ನಾನೂ ತೋರಿಸಿದೆ. ಬಾಯಿ ಬಿಗಿತ ಶುರುವಾಗಿದೆ ಅಂದ್ರು, ಶುರುವಿನಲ್ಲೇ ಬಂದ್ರಿ ಅಂದ್ರು. ಬಾಯಿ ತೆರೆಯೋ ವ್ಯಾಯಾಮ ಕೊಟ್ಟಿದ್ದಾರೆ. ಎಲೆಪೆಟ್ಟಿಗೆ ಜಗಲಿಯಿಂದ ಒಳಗಿಟ್ಟಾಯ್ತು, ಇವತ್ತಿಗೆ ಒಂಬತ್ತು ದಿನ. ಈ ಮಾತು ಎತ್ತಿದ್ದಕ್ಕೆ ಡಾಕ್ಟ್ರಿಗೆ, ಆ ಹುಡುಗನಿಗೆ ನನ್ನ ಕುಟುಂಬದ ಪರವಾಗಿ ಕೃತಜ್ಞತೆ.

ಇಂಟರ್ನ್ ಹುಡುಗ

ಅಣ್ಣ, ಇದನ್ನ ಓದಿ ನಂಗೆ ಏನು ಬರೀಬೇಕು ಅಂತ ಗೊತ್ತಾಗ್ತಿಲ್ಲ. ಪ್ರತಿ ಸಲ ಕರೆದ ದಿನಕ್ಕೆ ತಪ್ಪದೆ ಹೋಗಿ.

ಹೆತ್ತೂರು ಹೊಳೆ

ಏಳನೇ ವಾರ ಇವತ್ತಿಗೆ ಮುಗೀತು. ಅಳತೆ ಕೊಡೋಕೆ ಹಾಸನಕ್ಕೆ ಬಂದಿದ್ದೆ. ಹಾಸನಾಂಬೆ ಬಾಗಿಲು ತೆಗೆದಿದ್ದಾರಲ್ಲ, ಊರು ತುಂಬ ಜನ, ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ವಸಡು ಪಕ್ಕದ ಹಲ್ಲಿನ ಥರವೇ ತಿಳಿಗುಲಾಬಿ ಆಗಿದೆ, ಅಳತೆ ತಗೊಳ್ಳುವಾಗ ಒಂದು ಹನಿ ರಕ್ತ ಬರಲಿಲ್ಲ. ಕ್ಯಾಪ್ ಮುಂದಿನ ಮಂಗಳವಾರ. ಹಳೇ ಕ್ಯಾಪನ್ನ ಡಬ್ಬೀಲಿ ಹಾಕಿ ತಂದಿದ್ದೆ, ಅದನ್ನ ಡಾಕ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ತೋರಿಸ್ತೀನಿ ಅಂತ ಕೇಳಿ ಇಟ್ಟುಕೊಂಡ್ರು.